ಗೌರವ ನಾಯಬ್ ಸುಬೇದಾರ್ ಪದವಿಗಾಗಿ ನಾನು ಬರೆದ ಎರಡು ಅರ್ಜಿಗಳು

1984ರಲ್ಲಿ ಸೇನೆಗೆ ಭರ್ತಿಯಾದ ನಾನು 26 ವರ್ಷಗಳ ಸೇವೆ ಮುಗಿಸಿ 2010ರಲ್ಲಿ ಹವಾಲ್ದಾರನಾಗಿ ನಿವೃತ್ತಿ ಪಡೆದು ಮದ್ದೂರು ತಾಲ್ಲೂಕಿನ ನಮ್ಮೂರಿಗೆ ಬಂದೆ. ಒಳ್ಳೆಯ ನಡತೆಯ ಹವಾಲ್ದಾರರಿಗೆ ನಿವೃತ್ತಿಯ ತರುವಾಯ ಒಂದು ಮೆಟ್ಟಿಲು ಮೇಲಿನ ಗೌರವ ನಾಯಬ್ ಸುಬೇದಾರ್ ಪದವಿ ಕೊಡುವ ಪದ್ಧತಿ ಸೇನೆಯಲ್ಲಿದೆ. ನನ್ನ ಜೊತೆಯಲ್ಲೇ ಭರ್ತಿಯಾಗಿ, ಜೊತೆಯಲ್ಲೇ ಟ್ರಂಕು ಕಟ್ಟಿದ ಇಬ್ಬರು ಗೆಳೆಯರ ಹೆಸರು ಪಟ್ಟಿಯಲ್ಲಿ ಬಂತು. ನನ್ನ ಹೆಸರು ಬರಲಿಲ್ಲ. ಆರನೆಯ ವೇತನ ಆಯೋಗದ ನಂತರ ಹೊರಟ 12 ಜೂನ್ 2009ರ ಆದೇಶದಂತೆ, 2006ರ ಜನವರಿ 1ರಿಂದ ಈಚೆಗೆ ಈ ಗೌರವ ಪದವಿ ಪಡೆದವರಿಗೆ ಪಿಂಚಣಿಯನ್ನೂ ನಾಯಬ್ ಸುಬೇದಾರರ ಲೆಕ್ಕದಲ್ಲೇ ನಿಗದಿ ಮಾಡುತ್ತಾರಾದ್ದರಿಂದ ತಿಂಗಳು ತಿಂಗಳೂ ನಷ್ಟವಾಗುತ್ತಿತ್ತು. ಆದರೆ ನನಗೆ ನಿದ್ದೆ ಕೆಡಿಸಿದ್ದು ಬೇರೆ ಪ್ರಶ್ನೆ. ನನ್ನ ಸೇವೆಯಲ್ಲಿ ಯಾವ ಕುಂದು ಕಂಡಿತು ಎಂಬುದು ನನಗೆ ಗೊತ್ತಾಗಲೇಬೇಕಿತ್ತು.

2011ರಲ್ಲಿ ಬರೆದ ಮೊದಲ ಅರ್ಜಿ ನಾಲ್ಕು ಪುಟದ್ದಾಗಿತ್ತು. ಯಾವ ಯಾವ ಗಡಿಯಲ್ಲಿ ಎಷ್ಟು ಚಳಿಗಾಲ ಕಳೆದೆ, ಯಾವ ಪದಕಗಳು ಬಂದವು, ನನಗಿಂತ ಕಿರಿಯರು ಹೇಗೆ ಮುಂದೆ ಹೋದರು ಎಂಬುದನ್ನೆಲ್ಲ ತುಂಬಿ, ಕೊನೆಯಲ್ಲಿ ಸೇವೆಯಲ್ಲಿದ್ದಾಗಲೇ ಸಿಗಬೇಕಿದ್ದ ನಾಯಬ್ ಸುಬೇದಾರ್ ಬಡ್ತಿಯನ್ನು ಜ್ಯೇಷ್ಠತೆಯ ಸಮೇತ ಹಿಂದಿನ ದಿನಾಂಕದಿಂದ ಕೊಡಬೇಕೆಂದು ಕೇಳಿದ್ದೆ. ಮೂರು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿಯಮದಲ್ಲಿ ಅವಕಾಶವಿಲ್ಲ, ತಿಳಿಯುವುದು.

ಆ ಕಾಗದ ಹಿಡಿದುಕೊಂಡು ಮಂಡ್ಯದಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಸುಬೇದಾರರ ಮನೆಗೆ ಹೋದೆ. ಅವರು ಹೆಡ್ ಕ್ಲರ್ಕ್ ಆಗಿದ್ದವರು. ನನ್ನ ಅರ್ಜಿಯನ್ನು ಎರಡು ಸಲ ಓದಿ, ‘ಇದರಲ್ಲಿ ದುಃಖವಿದೆ, ದಾಖಲೆಯಿಲ್ಲ’ ಎಂದರು. ಅವರು ತಿಳಿಸಿಹೇಳಿದ ಒಂದು ವ್ಯತ್ಯಾಸ ನನ್ನ ಕಣ್ಣು ತೆರೆಸಿತು. ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ ಪ್ರಕಾರ, ಪಿಂಚಣಿಯಂತೆ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯಕ್ಕೆ ತಡವಾಗಿ ಬಂದರೂ ಪರಿಹಾರ ಕೇಳಬಹುದು, ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತವಾಗುತ್ತದೆ. ಆದರೆ ಜ್ಯೇಷ್ಠತೆ, ಬಡ್ತಿಯಂಥ, ಇತರರ ಸ್ಥಾನವನ್ನು ಅಲುಗಾಡಿಸುವ ಕೋರಿಕೆ ತಡವಾದರೆ ಹಳಸಿಹೋಗುತ್ತದೆ. ನಾನು ಕೇಳಿದ್ದು ಸರಿಯಾಗಿ ಆ ಹಳಸಿದ್ದನ್ನೇ. ಗೌರವ ಪದವಿಯ ಪಟ್ಟಿಯಿಂದ ಹೆಸರು ಏಕೆ ಬಿಟ್ಟುಹೋಯಿತೆಂದು ಮೊದಲು ಕಂಡುಕೊಳ್ಳುವಂತೆ ಅವರು ಹೇಳಿದರು.

2013ರಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಮಾಹಿತಿ ಹಕ್ಕು ಕಾಯ್ದೆಯಡಿ ನನ್ನ ಷೀಟ್ ರೋಲಿನ, ಅಂದರೆ ಸೇವಾ ದಾಖಲೆಯ, ಪ್ರತಿ ಕೇಳಿದೆ. ಬಂದ ಜೆರಾಕ್ಸ್ ಪುಟಗಳನ್ನು ಮೊದಲ ದಿನ ಓದಿ ಏನೂ ಸಿಗದೆ ಎತ್ತಿಟ್ಟೆ. ಶಿಕ್ಷೆಯನ್ನು ನಮೂದಿಸುವ ಕೆಂಪು ಶಾಯಿಯೂ ಜೆರಾಕ್ಸಿನಲ್ಲಿ ಕಪ್ಪಾಗಿಯೇ ಬರುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಮಾರನೆಯ ದಿನ ಬಿಸಿಲಿಗೆ ಜಗಲಿಯಲ್ಲಿ ಕೂತು ಒಂದೊಂದೇ ಸಾಲಿಗೆ ಅಡಿಕೋಲಿಟ್ಟು ಓದುವಾಗ 1996ರ ಒಂದು ನಮೂದು ಕಂಡಿತು: ಸೇನಾ ಕಾಯ್ದೆಯ 39(ಬಿ) ಕಲಮು, ಅಂದರೆ ರಜೆ ಮುಗಿದರೂ ಹಾಜರಾಗದಿದ್ದಕ್ಕೆ ಶಿಕ್ಷೆ. ಸಿಪಾಯಿಗಳ ಬಾಯಲ್ಲಿ ಅದು ರೆಡ್ ಇಂಕ್ ಎಂಟ್ರಿ. ನಾನು ಜೀವಮಾನದಲ್ಲಿ ಒಂದು ದಿನವೂ ರಜೆ ಮೀರಿದವನಲ್ಲ. ನಮ್ಮಪ್ಪ ತೀರಿಕೊಂಡಾಗಲೂ ತಿಥಿ ಮುಗಿದ ರಾತ್ರಿಯೇ ರೈಲು ಹತ್ತಿದ್ದೆ.

ಆ ನಮೂದಿನ ಪಕ್ಕದಲ್ಲಿದ್ದ ಪಾರ್ಟ್ ಟೂ ಆರ್ಡರಿನ (ಸಿಪಾಯಿಯ ಸೇವೆಯ ಸಂಗತಿಗಳನ್ನು ದಾಖಲಿಸುವ ಆದೇಶ) ಸಂಖ್ಯೆ ಬರೆದುಕೊಂಡು ಅದರ ಉದ್ಧೃತ ಭಾಗವನ್ನೂ ಕೇಳಿದೆ. ಹೆಸರು ನನ್ನದೇ, ಇಂಗ್ಲಿಷ್ ಕಾಗುಣಿತವೂ ನನ್ನದೇ. ನಮ್ಮ ಸೀಮೆಯಲ್ಲಿ ಆ ಹೆಸರಿನವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ಆರ್ಮಿ ನಂಬರಿನಲ್ಲಿ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದವು, ಕೊನೆಯ ಅಕ್ಷರ ‘ಎಕ್ಸ್’ ಇರುವ ಬದಲು ‘ಎಂ’ ಇತ್ತು. ಆರ್ಮಿ ನಂಬರಿನ ಆ ಕೊನೆಯ ಅಕ್ಷರವನ್ನು ಅಂಕಿಗಳಿಂದಲೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಅಂಕಿ ತಪ್ಪಿದರೆ ಅಕ್ಷರ ಹೊಂದುವುದಿಲ್ಲ. ಬರೆದವರು ಆ ಅಕ್ಷರವನ್ನು ನೋಡದೆ, ಹೆಸರೊಂದನ್ನೇ ನಂಬಿ, ಬೇರೊಬ್ಬರ ಶಿಕ್ಷೆಯನ್ನು ನನ್ನ ಹಾಳೆಗೆ ಏರಿಸಿದ್ದರು. ಆ ದಿನಾಂಕಗಳಲ್ಲಿ ನಾನು ಪುಣೆಯಲ್ಲಿ ಹತ್ತು ವಾರದ ಕೋರ್ಸಿನಲ್ಲಿದ್ದೆ, ಅದರ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಮಗಳ ಅಂಕಪಟ್ಟಿಗಳ ನಡುವೆ ಸಿಕ್ಕಿತು. ಡಿಸ್ಚಾರ್ಜ್ ಬುಕ್ಕಿನಲ್ಲಂತೂ ನಡತೆ ‘ಎಕ್ಸೆಂಪ್ಲರಿ’, ಅಂದರೆ ಆದರ್ಶಪ್ರಾಯ, ಎಂದೇ ಬರೆದಿತ್ತು.

ಎರಡನೆಯ ಅರ್ಜಿ ಒಂದೇ ಪುಟ. ಮೇಲೆ ನಂಬರ್, ರ‍್ಯಾಂಕ್, ಹೆಸರು, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ. ಇಂಥ ದಿನಾಂಕದ ನಮೂದು ನನ್ನದಲ್ಲ, ನಂಬರ್ ಮತ್ತು ಅಕ್ಷರವನ್ನು ತಾಳೆ ನೋಡಿ ರದ್ದು ಮಾಡಬೇಕು, ಆಮೇಲೆ ಆ ನಮೂದು ಇಲ್ಲದ ಷೀಟ್ ರೋಲಿನ ಆಧಾರದಲ್ಲಿ ಗೌರವ ನಾಯಬ್ ಸುಬೇದಾರ್ ಪದವಿಗೆ ನನ್ನನ್ನು ಮರುಪರಿಗಣಿಸಬೇಕು ಎಂದಷ್ಟೇ ಕೋರಿದೆ. ಕಿರಿಯರ ಮಾತಿಲ್ಲ, ಪದಕಗಳ ಮಾತಿಲ್ಲ. ನಮೂದು ಯಾರದೆಂದು ಬರೆಯಬೇಕೆ ಎಂದು ಬಹಳ ಯೋಚಿಸಿದೆ, ಬರೆಯಲಿಲ್ಲ. ಆತನೂ ಎಲ್ಲೋ ಪಿಂಚಣಿ ತಿನ್ನುತ್ತಾ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು, ಆತನ ಅನ್ನಕ್ಕೆ ಕೈ ಹಾಕುವುದು ನನ್ನ ಕೆಲಸವಾಗಿರಲಿಲ್ಲ. ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ ಕೊಟ್ಟು, ಮಂಡ್ಯದ ಅಂಚೆ ಕಚೇರಿಯಲ್ಲಿ ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ ಮಾಡಿದೆ. ಆ ಚೀಟಿಯನ್ನು ಜೋಪಾನ ಮಾಡಲು ಸುಬೇದಾರರು ಒತ್ತಿ ಹೇಳಿದ್ದರು: ಆರು ತಿಂಗಳು ಉತ್ತರ ಬರದಿದ್ದರೆ, ನಂತರದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು, ಹಾಗೆ ಹೋಗುವ ಮುನ್ನ ಇಲಾಖೆಯಲ್ಲಿ ಕೇಳಿದ್ದೆವೆಂಬುದಕ್ಕೆ ಸಾಕ್ಷಿ ಬೇಕು.

ನ್ಯಾಯಮಂಡಳಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಐದನೆಯ ತಿಂಗಳಲ್ಲಿ ಮೂಲ ದಾಖಲೆ ತರಿಸಿ ನೋಡುತ್ತಿದ್ದೇವೆಂಬ ಪತ್ರ ಬಂತು. ಕೋರ್ಸಿನ ಸರ್ಟಿಫಿಕೇಟಿನ ದೃಢೀಕೃತ ಪ್ರತಿ ಕೇಳಿದರು, ಕಳಿಸಿದೆ. 2015ರ ಕಬ್ಬು ಕಡಿಯುವ ಕಾಲದಲ್ಲಿ, ಆಲೆಮನೆಯ ಹತ್ತಿರ ನಿಂತಿದ್ದಾಗ ಪೋಸ್ಟ್‌ಮ್ಯಾನ್ ಅಲ್ಲಿಗೇ ಲಕೋಟೆ ತಂದುಕೊಟ್ಟ. ಗೌರವ ನಾಯಬ್ ಸುಬೇದಾರ್ ಪದವಿಯ ಆದೇಶ ಅದರಲ್ಲಿತ್ತು. ಅಂಟು ಬೆಲ್ಲದ ಕೈಯಲ್ಲಿ ಮುಟ್ಟಬಾರದೆಂದು ಅವನನ್ನೇ ಹಿಡಿದುಕೊಳ್ಳಲು ಹೇಳಿ ಓದಿದೆ. ಕೆಲವು ತಿಂಗಳ ಮೇಲೆ ಅಲಹಾಬಾದಿನ ಸೇನಾ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಪಿಪಿಒ ಕೂಡ ಬಂತು.

ಇನ್ನೊಂದು ಕೆಲಸ ಉಳಿದಿತ್ತು. ಮತ್ತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದು ಅದೇ ಒಂದು ಪುಟದ ಪ್ರತಿ ತರಿಸಿಕೊಂಡೆ. 1996ರ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಪ್ಪಾಗಿ ನಮೂದಾದದ್ದು, ರದ್ದುಪಡಿಸಿದೆ ಎಂದು ಬರೆದು ಅಧಿಕಾರಿಯೊಬ್ಬರು ದಿನಾಂಕ ಹಾಕಿ ಸಹಿ ಮಾಡಿದ್ದರು.