ಪಣಜಿ ಸ್ಕೂಟರ್ ಟೂರ್‌ಗೆ ಹೋಗೋ ಮುಂಚೆ

ಹುಬ್ಬಳ್ಳಿಯಿಂದ ನೆಂಟ್ರು ಬಂದಾಗೆಲ್ಲ ನಾನೇ ಗೈಡು, ಅದಕ್ಕೆ ಹೇಳ್ತೀನಿ, ಮೊದಲು ನಂಬರ್ ಪ್ಲೇಟ್ ನೋಡ್ರಿ, ಕಪ್ಪು ಪ್ಲೇಟಲ್ಲಿ ಹಳದಿ ಅಕ್ಷರ ಇದ್ರೆ ಮಾತ್ರ ಬಾಡಿಗೆ ಗಾಡಿ, ಬಿಳಿ ಪ್ಲೇಟ್ ಅಗ್ಗ ಅಂತ ತಗೊಂಡ್ರೆ ಪೊಲೀಸ್ರು ಹಿಡೀತಾರೆ. ಲೈಸೆನ್ಸ್, ಹೆಲ್ಮೆಟ್ ಬೇಕೇ ಬೇಕು. ಗಾಡಿ ಮೇಲಿನ ಗೀರುಗಳದ್ದು ವಿಡಿಯೋ ಮಾಡ್ಕೊಳ್ಳಿ.

ಬೆಳಿಗ್ಗೆ 7ಕ್ಕೇ ಹೊರಡಿ. ಪಣಜಿಯ ಹಳೇ ಪೋರ್ಚುಗೀಸ್ ಬಡಾವಣೆ ಫೌಂಟೇನಾಸ್ ಗಲ್ಲಿಗಳಲ್ಲಿ ಗಾಡಿ ನಿಲ್ಲಿಸಿ ನಡೀರಿ, ಅಲ್ಲಿ ಜನ ವಾಸ ಇದಾರೆ, ಹಾರ್ನ್ ಬೇಡ. ಆಮೇಲೆ ಓಲ್ಡ್ ಗೋವಾಕ್ಕೆ ಹೋಗೋಕೆ ಟೂರ್ ಗೈಡ್ ಹೈವೇ ಅಂದ್ರೂ ನೀವು ರಿಬಂದರ್ ರಸ್ತೆನೇ ಕೇಳಿ, ಮಾಂಡೋವಿ ನದಿ ಪಕ್ಕ 1630ರ ದಶಕದಲ್ಲಿ ಪೋರ್ಚುಗೀಸ್ರು ಕಟ್ಟಿಸಿದ ಕಾಸ್‌ವೇ, ಅಂದ್ರೆ ತಗ್ಗು ಜಾಗದಲ್ಲಿ ಎತ್ತರಿಸಿ ಕಟ್ಟಿದ ದಾರಿ ಅದು, ಎಡಕ್ಕೆ ನದಿ, ಬಲಕ್ಕೆ ಉಪ್ಪಿನಗದ್ದೆ, ನನಗಂತೂ ಬೀಚ್‌ಗಿಂತ ಇದೇ ಇಷ್ಟ. ಓಲ್ಡ್ ಗೋವಾ ಚರ್ಚಿಗೆ ಭುಜ ಮುಚ್ಚೋ ಬಟ್ಟೆ ಇರ್ಲಿ. ಟೈಮಿದ್ರೆ ರಿಬಂದರಿಂದ ಫೆರಿಯಲ್ಲಿ ಸ್ಕೂಟರ್ ಸಮೇತ ದಿವಾರ್ ದ್ವೀಪಕ್ಕೆ ದಾಟಿ.