"ಅಲ್ಲಣ್ಣ, ನಾನು ಹೇಳಿದ್ದು ಚೀಲದ ವಿಷಯ"

ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿನ ಕಾಲದಲ್ಲಿ ಸಂಜೆ ನಾನೇ ನಿಂತು ಹಣ್ಣು ತೂಗಿ ಬರೆದುಕೊಳ್ಳುತ್ತೇನೆ. ಕೊಯ್ದವರಿಗೆ ಕೆಜಿ ಲೆಕ್ಕದ ಕೂಲಿ.

ಎರಡು ವರ್ಷದ ಹಿಂದೆ, ಜನವರಿ. ರೊಬಸ್ಟಾ ಕೊಯ್ಲು ಜೋರಾಗಿತ್ತು. ಚೀಲ ಇಳಿಸಿದ ಹೆಂಗಸೊಬ್ಬರು "ಅಣ್ಣಾ, ಈ ಒಂದು ಕೆಜಿ ಇದೆಯಲ್ಲ..." ಅಂದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ರೇಟು ಮುಂದಿನ ವರ್ಷ ನೋಡೋಣಮ್ಮ" ಅಂದೆ. ಅವರು ಸುಮ್ಮನಾದರು. ಮಾರನೇ ದಿನ ಅವರೂ ಇನ್ನು ನಾಲ್ಕು ಜನವೂ ಪಕ್ಕದ ತೋಟದಲ್ಲಿದ್ದರು. ಕೊಯ್ಲಿನ ಹೊತ್ತಲ್ಲಿ ಕೊಡಗಿನಲ್ಲಿ ಜನ ಸಿಗುವುದು ಎಷ್ಟು ಕಷ್ಟ ಅಂತ ತೋಟದವರಿಗೆ ಗೊತ್ತು. ನಮ್ಮ ಹಣ್ಣು ಗಿಡದಲ್ಲೇ ಕಪ್ಪಾಯಿತು.

ಮೇಸ್ತ್ರಿ ಆಮೇಲೆ ಬಿಡಿಸಿ ಹೇಳಿದ. ಅವರು ಕೂಲಿ ಜಾಸ್ತಿ ಕೇಳಿರಲೇ ಇಲ್ಲ. ಚೀಲ ಒದ್ದೆ ಅಂತ ನಾನು ಮೂಟೆಗೆ ಒಂದು ಕೆಜಿ ಕಳೆಯುತ್ತಿದ್ದೆ. ಅದು ಡಿಸೆಂಬರಿನ ಮಂಜಲ್ಲಿ ಅರೇಬಿಕಾ ಕೊಯ್ಯುವಾಗ ಶುರುವಾದ ಲೆಕ್ಕ. ಜನವರಿ ಬಿಸಿಲಿಗೆ ಚೀಲ ಒಣಗಿ ಗರಿಗರಿಯಾಗಿತ್ತು. ನನ್ನ ಕೈ ಮಾತ್ರ ಕಳೆಯುತ್ತಲೇ ಇತ್ತು.

ಕಣದಲ್ಲಿ ಹರಡಿದ ಕಾಫಿಯನ್ನು ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡುವವನು ನಾನು. ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಕಾಫಿಕಾಯಿಗೆ ಕೊಡುವಷ್ಟು ಕಿವಿಯನ್ನೂ ಆ ಹೆಂಗಸಿಗೆ ಕೊಟ್ಟಿರಲಿಲ್ಲ.

ಕಳೆದ ಕೆಜಿಗಳ ದುಡ್ಡನ್ನು ಅವರ ಮನೆಗೇ ಹೋಗಿ ಕೊಟ್ಟೆ. ಈಗ ಯಾರಾದರೂ ಮಾತು ತೆಗೆದರೆ ಪೆನ್ನು ಜೇಬಿಗೆ. ಅವರದ್ದು ಮುಗಿದ ಮೇಲೆ ನನಗೆ ಅರ್ಥವಾದದ್ದನ್ನು ಒಮ್ಮೆ ತಿರುಗಿ ಹೇಳುತ್ತೇನೆ. ಮೆಣಸು ಕೊಯ್ಯುವ ಹುಡುಗನಿಗೆ ಹೀಗೇ, "ಏಣಿ ಅಲುಗಾಡ್ತದೆ ಅಂತೀಯಾ?" ಅಂದೆ. "ಅಲ್ಲಣ್ಣ, ಏಣಿ ಸರಿಯಾಗೇ ಇದೆ. ಮೇಲೆ ಚಗಳಿ ಇರುವೆ ಗೂಡಿದೆ." ನನಗೆ ಬೇಕಾದ ವಿಷಯ ಬರುವುದು ಈ 'ಅಲ್ಲಣ್ಣ' ಆದ ಮೇಲೆಯೇ. (ಕಾಫಿ ವ್ಯಾಪಾರಿ ಫೋನ್ ಮಾಡಿದಾಗ ಮಾತ್ರ ಈಗಲೂ ನಾನೇ ಜಾಸ್ತಿ ಮಾತಾಡುತ್ತೇನೆ. ನಷ್ಟವೂ ನನಗೇ.)

ಮನೆಯಲ್ಲಿ ಇದು ಇನ್ನೂ ಕಷ್ಟ. ಅಮ್ಮ "ಮೊಣಕಾಲು..." ಅನ್ನುವಷ್ಟರಲ್ಲಿ "ನಾಳೆ ಮಡಿಕೇರಿಗೆ ಹೋಗಿ ತೋರಿಸೋಣ" ಅಂತ ಬಾಯಿ ಮುಚ್ಚಿಸುತ್ತಿದ್ದೆ. ಎದುರು ಕೂತು ಕೇಳೋಣ ಅಂದರೆ ಇಬ್ಬರಿಗೂ ಮುಜುಗರ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಹೆಚ್ಚಲು ಜೊತೆಗೆ ಕೂತಾಗ ಸರಿಹೋಯಿತು. ಕೈಗೆ ಕೆಲಸವಿದ್ದರೆ ನನ್ನ ಬಾಯಿಗೆ ಅವಸರವಿಲ್ಲ. ಹೆಚ್ಚಿದ ಕಣಿಲೆಯನ್ನು ನೆನೆಹಾಕಿ ದಿನಾ ನೀರು ಬದಲಿಸಬೇಕಲ್ವಾ? ಮೊದಲ ದಿನ ಬರೀ ಮೊಣಕಾಲಿನ ಮಾತು. ಮೂರನೇ ದಿನ ನೀರು ಚೆಲ್ಲುತ್ತಾ ಅಮ್ಮ ಹೇಳಿದರು: "ಕೊಟ್ಟಿಗೆ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದೆ ಕಣೋ. ನಿನಗೆ ಹೇಳಿದ್ರೆ ಹಸು ಮಾರಿಬಿಡ್ತೀಯ ಅಂತ ಸುಮ್ನಿದ್ದೆ."

ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಪೈಪು ಹಾಕಿಸಿದ್ದೇನೆ. ಹಸು ಕೊಟ್ಟಿಗೆಯಲ್ಲೇ ಇದೆ.