ಗೇಜ್ ಮುಳ್ಳನ್ನೇ ನಂಬಿ ಕಳೆದುಕೊಂಡ ದುಡ್ಡು

"ಮುಳ್ಳು 100ಕ್ಕೆ ಬಂದಿದೆ, ಗ್ಯಾಸ್ ಕಮ್ಮಿ." ಏಸಿ ಕೆಲಸಕ್ಕೆ ಇಳಿದ ಮೊದಲ ಎರಡು ವರ್ಷ ಈ ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಅರ್ಧಕ್ಕರ್ಧ ಸುಳ್ಳು ಅಂತ ಈಗ ಗೊತ್ತಾಗಿದೆ. ಬೇಕಂತ ಹೇಳಿದ ಸುಳ್ಳಲ್ಲ. ಗೇಜ್, ಅಂದರೆ ಏಸಿಯೊಳಗಿನ ಗ್ಯಾಸ್‌ನ ಪ್ರೆಶರ್ ತೋರಿಸುವ ಮೀಟರ್, ಹಾಕೋಕೆ ಬರುತ್ತಿತ್ತು, ಓದೋಕೆ ಬರುತ್ತಿರಲಿಲ್ಲ.

ಕೆಲಸ ಕಲಿಸಿದವರು ಕೊಟ್ಟಿದ್ದು ಮೂರು ಥರದ ಗ್ಯಾಸ್‌ಗೆ ಮೂರು ನಂಬರ್, ಎಲ್ಲ ಪಿಎಸ್‌ಐ ಅನ್ನೋ ಪ್ರೆಶರ್ ಅಳತೆಯಲ್ಲಿ. ಆರ್-22ಕ್ಕೆ 60ರಿಂದ 70, ಆರ್-410ಎಗೆ 110ರಿಂದ 140, ಆರ್-32ಕ್ಕೂ ಹೆಚ್ಚುಕಮ್ಮಿ ಅಷ್ಟೇ. ಕಮ್ಮಿ ಇದ್ದರೆ ಹಾಕು, ಜಾಸ್ತಿ ಇದ್ದರೆ ತೆಗಿ. ನಂಬರ್ ತಪ್ಪಲ್ಲ. ಯಾವ ಸ್ಥಿತಿಯಲ್ಲಿ ಆ ನಂಬರ್ ಬರಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಾಠ ಕಲಿಸಿದ್ದು ಒಂದೂವರೆ ಟನ್ನಿನ ಒಂದು 410ಎ ಮೆಷಿನ್. ಮುಳ್ಳು 98ರ ಹತ್ತಿರ, ರೂಮಿನೊಳಗಿನ ಕೂಲಿಂಗ್ ಕಾಯಿಲ್ ಮೇಲೆ ತೆಳ್ಳಗೆ ಐಸ್. ಗ್ಯಾಸ್ ಕಮ್ಮಿ ಅಂತ ಅಲ್ಲೇ ತೀರ್ಮಾನ ಮಾಡಿದೆ. 300 ಗ್ರಾಂ ಹಾಕಿದೆ, 125ಕ್ಕೆ ಬಂತು, ದುಡ್ಡು ತಗೊಂಡು ಬಂದೆ. ಹತ್ತು ದಿನಕ್ಕೆ ಫೋನ್: ಕಂಪ್ರೆಸರ್ ಟ್ರಿಪ್ ಆಗುತ್ತಿದೆ. ಹೋಗಿ ನೋಡಿದರೆ ಮುಳ್ಳು 160 ದಾಟಿದೆ, ಆಂಪ್ಸ್ (ಎಳೆಯುವ ಕರೆಂಟ್) ಮೆಷಿನ್‌ನ ಪ್ಲೇಟ್ ಮೇಲೆ ಬರೆದದ್ದಕ್ಕಿಂತ ಎಷ್ಟೋ ಮೇಲಿದೆ. ಆಗಿದ್ದಿಷ್ಟೇ: ನಾನು ಬಂದ ಮೇಲೆ ಮನೆಯವರು ಫಿಲ್ಟರ್ ತೊಳೆದಿದ್ದರು. ಮೊದಲು ಅದರ ಮೇಲೆ ಧೂಳು ಕಂಬಳಿ ಥರ ಕೂತಿತ್ತು. ಕಾಯಿಲ್‌ಗೆ ಗಾಳಿ ಸಿಗದೆ ಪ್ರೆಶರ್ ಇಳಿದಿತ್ತು. ನಾನು ಧೂಳಿನಿಂದಾದ ಕೊರತೆಯನ್ನು ಗ್ಯಾಸ್ ಹಾಕಿ ತುಂಬಿಸಿದ್ದೆ! ಕೊನೆಗೆ ಕಂಪ್ರೆಸರ್ ಹೋಯಿತು, ಕೈಯಿಂದ ಹಾಕಿಕೊಟ್ಟೆ. ಆ 300 ಗ್ರಾಂಗೆ ತಗೊಂಡಿದ್ದರ ಹದಿನೈದು ಪಟ್ಟು ಹೋಗಿರಬೇಕು.

ಆ ರಾತ್ರಿ ಗೇಜ್ ಎದುರಿಗಿಟ್ಟುಕೊಂಡು ಕೂತೆ. ಪಿಎಸ್‌ಐ ಸಾಲಿನ ಒಳಗಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸುತ್ತು ಇರುತ್ತದಲ್ಲ, ಟೆಂಪರೇಚರ್‌ದು, ಎರಡು ವರ್ಷದಲ್ಲಿ ಒಮ್ಮೆಯೂ ಅದನ್ನು ನೋಡಿರಲಿಲ್ಲ. 410ಎ 118 ಅಂದರೆ ಕಾಯಿಲ್ ಒಳಗೆ ಗ್ಯಾಸ್ ಸುಮಾರು ನಾಲ್ಕೂವರೆ ಡಿಗ್ರಿಯಲ್ಲಿ ಕುದಿಯುತ್ತಿದೆ. ಆರ್-22ರಲ್ಲಿ ಅದೇ ನಾಲ್ಕೂವರೆಗೆ 68 ಬೇಕು. 410ಎ 100ರ ಹತ್ತಿರ ಬಂದರೆ ಸೊನ್ನೆ ಡಿಗ್ರಿ, ಐಸ್ ಕಟ್ಟದೆ ಇನ್ನೇನು?

ಅಲ್ಲಿಂದ, ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಹೋಗುವ ದಪ್ಪ ಪೈಪ್‌ಗೆ ಥರ್ಮಾಮೀಟರ್ ಕಟ್ಟೋಕೆ ಶುರು ಮಾಡಿದೆ. ಪೈಪ್ ಟೆಂಪರೇಚರ್‌ನಿಂದ ಗೇಜ್ ಒಳಸುತ್ತಿನ ಟೆಂಪರೇಚರ್ ಕಳೆಯಿರಿ, ಅದೇ ಸೂಪರ್‌ಹೀಟ್. ಪ್ರೆಶರ್ ಕಮ್ಮಿ, ವ್ಯತ್ಯಾಸ 20 ಡಿಗ್ರಿ: ಗ್ಯಾಸ್ ನಿಜವಾಗಿ ಕಮ್ಮಿ, ಇಲ್ಲಾ ಎಲ್ಲೋ ಕಟ್ಟಿಕೊಂಡಿದೆ. ಪ್ರೆಶರ್ ಕಮ್ಮಿ, ವ್ಯತ್ಯಾಸ ಒಂದೋ ಎರಡೋ: ಗ್ಯಾಸ್ ಮುಟ್ಟಬೇಡಿ, ಫಿಲ್ಟರ್, ಬ್ಲೋಯರ್ ನೋಡಿ. ಅವತ್ತು ಇದೊಂದು ಗೊತ್ತಿದ್ದಿದ್ದರೆ ಕಂಪ್ರೆಸರ್ ಉಳಿಯುತ್ತಿತ್ತು. ಐದರಿಂದ ಎಂಟು ಸಿಕ್ಕರೆ ನಾನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ. ಆದರೆ ಕ್ಯಾಪಿಲರಿ (ಕಾಯಿಲ್‌ಗೆ ಗ್ಯಾಸ್ ಬಿಡೋಕೆ ಬರೀ ಸಣ್ಣ ನಳಿಗೆ ಇರುವ) ಮೆಷಿನ್‌ನಲ್ಲಿ ಹೊರಗಿನ ಬಿಸಿಲು ಏರಿದ ಹಾಗೆ ಈ ವ್ಯತ್ಯಾಸ ಇಳಿಯುತ್ತದೆ, ಅದಕ್ಕೇ ಒಂದೇ ನಂಬರ್ ಹಿಡಿದು ಕೂರೋಕಾಗಲ್ಲ.

ಜೊತೆಗಾರರು ನಕ್ಕರು. "ಪೈಪ್ ಮುಟ್ಟಿದರೆ ಗೊತ್ತಾಗಲ್ವಾ? ಜ್ವರ ನೋಡೋಕೆ ಬಂದಿದ್ದೀಯಾ?" ಅಂತ. ಶುರುವಿನಲ್ಲಿ ಅವರು ನಗೋದಕ್ಕೆ ಕಾರಣವೂ ಇತ್ತು. ಗನ್ ಥರ ಇರುವ ಐಆರ್ ಥರ್ಮಾಮೀಟರ್ ತಗೊಂಡಿದ್ದೆ. ಹೊಳೆಯುವ ತಾಮ್ರದ ಮೇಲೆ ಅದು ಕನ್ನಡಿಗೆ ಹಿಡಿದ ಹಾಗೆ, ಸುತ್ತಲಿನ ಗೋಡೆಯ ಬಿಸಿಯನ್ನೂ ಸೇರಿಸಿ ತೋರಿಸುತ್ತದೆ. ಒಂದು ಸಲ ಬೆವರುತ್ತಿರುವ ಪೈಪ್‌ಗೆ 27 ಅಂತು. ಅದು ಕೆಟ್ಟಿದೆ ಅಂತ ಇನ್ನೊಂದು ತಗೊಂಡೆ, ಅದೂ ಹಾಗೇ. ಎರಡರ ದುಡ್ಡೂ ನೀರಿಗೆ. ಆಮೇಲೆ ಕ್ಲ್ಯಾಂಪ್ ಪ್ರೋಬ್ ಬಂತು. ಹಾಕುವ ಜಾಗ ಉಜ್ಜಿ, ಕ್ಲ್ಯಾಂಪ್ ಹಾಕಿ, ಮೇಲೆ ಫೋಮ್ ಸುತ್ತುತ್ತೇನೆ. ವಾಲ್ವ್‌ನಿಂದ ಎಷ್ಟು ದೂರ, ಪೈಪ್‌ನ ಯಾವ ಮಗ್ಗುಲಿಗೆ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲ್ಲ.

ಆ ಸೀಸನ್‌ನಲ್ಲಿ "ಗ್ಯಾಸ್ ಕಮ್ಮಿ" ಅಂತ ಬಂದ ಕರೆ ನಲವತ್ತರ ಹತ್ತಿರ. ಗ್ಯಾಸ್ ನಿಜವಾಗಿ ಕಮ್ಮಿ ಇದ್ದದ್ದು ಹದಿನೈದೋ ಹದಿನಾರೋ. ಹಿಂದಿನ ವರ್ಷ ಹತ್ತು ಮನೆಗೆ ಬಿಟ್ಟಿಯಾಗಿ ಮತ್ತೆ ಹೋಗಿ ಬಂದಿದ್ದೆ, ಆ ವರ್ಷ ಒಂದೇ. ಗ್ಯಾಸ್ ಮಾರಿ ಬರುವ ದುಡ್ಡು ಕಮ್ಮಿ ಆಯಿತು, ಕೈಯಲ್ಲಿ ಉಳಿದದ್ದು ಜಾಸ್ತಿ ಆಯಿತು. ನಕ್ಕವರಲ್ಲಿ ಇಬ್ಬರು ಈಗ ಡೌಟ್ ಬಂದರೆ ನನಗೇ ಫೋನ್ ಮಾಡುತ್ತಾರೆ.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮೆಷಿನ್ ಆಫ್ ಇರುವಾಗಿನ ಪ್ರೆಶರ್ ನೋಡಿಯೇ ಗ್ಯಾಸ್ ಎಷ್ಟಿದೆ ಅಂತ ಹೇಳುವವರಿದ್ದಾರಲ್ಲ, ಅದನ್ನು ನೋಡೇಬಿಡೋಣ ಅನಿಸಿತು. ನನ್ನದೇ ಹಳೆಯ 410ಎ ಮೆಷಿನ್, ಒಳಗೆ ಸುಮಾರು 900 ಗ್ರಾಂ. 30 ಡಿಗ್ರಿಯಲ್ಲಿ ನಿಂತ ಪ್ರೆಶರ್ 260ರ ಆಸುಪಾಸು. ಗ್ಯಾಸನ್ನು ಸಿಲಿಂಡರ್‌ಗೆ ಎಳೆದುಕೊಳ್ಳುವ ರಿಕವರಿ ಮೆಷಿನ್ ಹಚ್ಚಿ 100 ಗ್ರಾಂ ತೆಗೆದೆ, ಒಂದು ಗಂಟೆ ಬಿಟ್ಟೆ. 260. ಇನ್ನೂ 100, ಮತ್ತೂ 100. ಮುಳ್ಳು ಕದಲಲಿಲ್ಲ. ಒಳಗೆ ಲಿಕ್ವಿಡ್ ಉಳಿದಿರುವ ತನಕ ಆ ಪ್ರೆಶರ್ ಬರೀ ಹವೆಯ ಬಿಸಿ ಹೇಳುತ್ತದೆ, ಗ್ಯಾಸ್‌ನ ತೂಕ ಹೇಳಲ್ಲ. ಪೂರ್ತಿ ಖಾಲಿಯೋ ಅಲ್ಲವೋ ಅನ್ನೋದಷ್ಟೇ ಅದರಿಂದ ಗೊತ್ತಾಗೋದು.

ಗೇಜ್‌ಗೆ ಹಾಕುವ ಹೋಸ್‌ಗಳನ್ನೂ ತೂಗಿದೆ. ಲಿಕ್ವಿಡ್ ತುಂಬಿದ ಹಳದಿ ಹೋಸ್ ಬಿಚ್ಚಿದಾಗ ಹೋಗೋ ಗ್ಯಾಸ್ 40, 50 ಗ್ರಾಂ. ನೀಲಿ ಹೋಸ್‌ನಲ್ಲಿ ಬರೀ ಆವಿ ಇದ್ದರೆ ಎರಡು ಮೂರು ಗ್ರಾಂ. ಅದಕ್ಕೇ ಈಗ ಗಿಡ್ಡ ಹೋಸ್, ತುದಿಗೆ ಬಾಲ್ ವಾಲ್ವ್. ಒಳಗೆ ಹೋಗುವ, ಹೊರಗೆ ಬರುವ ಗಾಳಿಗೆ ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ ಇದ್ದು ಆಂಪ್ಸ್ ಸರಿ ಇದ್ದರೆ ಗೇಜ್ ಹಾಕೋದೇ ಇಲ್ಲ. ಸುಮ್ನೆ ವಾಲ್ವ್ ಒಳಗಿನ ಪಿನ್ ಒತ್ತಿದರೆ ಅಲ್ಲೇ ಲೀಕ್ ಶುರುವಾಗಬಹುದು. ಇನ್ನೊಂದು, ಹೀಟಿಂಗ್ ಮೋಡ್‌ನಲ್ಲಿ ಓಡುತ್ತಿರುವ ಮೆಷಿನ್‌ಗೆ ಕಮ್ಮಿ ಪ್ರೆಶರ್‌ನ ನೀಲಿ ಗೇಜ್ ಹಾಕಬೇಡಿ, ಆಗ ಅದೇ ವಾಲ್ವ್‌ನಲ್ಲಿ ಹೈ ಪ್ರೆಶರ್ ಇರುತ್ತದೆ. ನನ್ನ ಒಂದು ಗೇಜ್ ಮುಳ್ಳು ಹಾಗೇ ಬಗ್ಗಿದ್ದು.

ಕಂಪ್ರೆಸರ್ ವೇಗ ತಾನೇ ಬದಲಿಸಿಕೊಳ್ಳುವ ಇನ್ವರ್ಟರ್ ಮೆಷಿನ್ ಬೇರೆಯೇ ತಲೆನೋವು. ಕಂಪ್ರೆಸರ್ ನಿಧಾನ ಆದಾಗ ಸಕ್ಷನ್ (ದಪ್ಪ ಪೈಪ್ ಕಡೆಯ ಪ್ರೆಶರ್) 150ಕ್ಕೂ ಹೋಗಬಹುದು, ಓಡಿದಾಗ 115ಕ್ಕೂ ಇಳಿಯಬಹುದು, ಎರಡೂ ಸರಿಯೇ. ಟೆಸ್ಟ್ ಮೋಡ್ ಇದ್ದರೆ ಅದು, ಇಲ್ಲದಿದ್ದರೆ 16ಕ್ಕೆ ಇಟ್ಟು, ಫ್ಯಾನ್ ಫುಲ್ ಮಾಡಿ, ಆಂಪ್ಸ್ ಒಂದು ಕಡೆ ನಿಲ್ಲೋ ತನಕ ಇಪ್ಪತ್ತು ನಿಮಿಷ ಕಾಯುತ್ತೇನೆ. ಆಮೇಲೂ ಅನುಮಾನ ಉಳಿದರೆ ಗ್ಯಾಸ್ ಪೂರ್ತಿ ರಿಕವರ್ ಮಾಡಿ, ವ್ಯಾಕ್ಯೂಮ್ ಹಾಕಿ, ಪ್ಲೇಟ್‌ನಲ್ಲಿರುವ ತೂಕಕ್ಕೇ ತುಂಬುತ್ತೇನೆ. ಹೋದ ವಾರ ಆರ್-32 ಮೆಷಿನ್ ಒಂದಕ್ಕೆ ಹಾಗೇ ಮಾಡಿದೆ. ತೂಕ ಗ್ರಾಂ ಲೆಕ್ಕದಲ್ಲಿ ಸರಿ, ಸೂಪರ್‌ಹೀಟ್ ಮಾತ್ರ 14ರಿಂದ ಕೆಳಗೆ ಬರುತ್ತಿಲ್ಲ. ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಮೇಲೆ ಅನುಮಾನ. ಈ ಭಾನುವಾರ ಆ ವಾಲ್ವ್ ಮೇಲಿನ ಕರೆಂಟ್ ಕಾಯಿಲ್ ಬದಲಿಸಿ ನೋಡಬೇಕು.